ಆಲೂಗಡ್ಡೆ ಬೇರಲ್ಲ, ಕಾಂಡ

ಮಣ್ಣಿನಡಿ ಬಲಿಯುತ್ತದೆ ಎಂಬ ಕಾರಣಕ್ಕೆ ಆಲೂಗಡ್ಡೆಯನ್ನು ಕ್ಯಾರೆಟ್, ಮೂಲಂಗಿ, ಗೆಣಸಿನ ಸಾಲಿಗೆ ಸೇರಿಸಿ ಬೇರೆಂದೇ ಅನೇಕರು ತಿಳಿದಿದ್ದಾರೆ. ಅದು ದಪ್ಪಗಾದ ಕಾಂಡ. ಗಡ್ಡೆಯ ಮೈಮೇಲಿನ ಕಣ್ಣುಗಳೇ ಇದಕ್ಕೆ ಸಾಕ್ಷಿ: ಒಂದೊಂದು ಕಣ್ಣೂ ಕಾಂಡದ ಗೆಣ್ಣು, ಅದರೊಳಗೆ ಚಿಗುರಲು ಕಾದಿರುವ ಮೊಗ್ಗು. ಕೈತೋಟದ ಹಲವು ಎಡವಟ್ಟುಗಳು ಇದನ್ನು ಗಮನಿಸದೆ ಆಗುವಂಥವು.

ಬೇರಾದರೆ ಕೆಳಕ್ಕಿಳಿಯಬೇಕು, ಅದಕ್ಕೆ ಆಳದ ಕುಂಡ ಬೇಕು ಎಂಬ ಲೆಕ್ಕಾಚಾರ ಅವುಗಳಲ್ಲೊಂದು. ಹೊಸ ಗಡ್ಡೆಗಳು ಕಟ್ಟುವುದು ಬಿತ್ತಿದ ಗಡ್ಡೆಗಿಂತ ಮೇಲೆ. ಮಣ್ಣಿನೊಳಗಿನ ಕಾಂಡದಿಂದ ಬಿಳಿ ದಾರದಂಥ ಕವಲುಗಳು ಅಡ್ಡಡ್ಡ ಹೊರಟು, ಅವುಗಳ ತುದಿ ಊದಿ ಗಡ್ಡೆಯಾಗುತ್ತದೆ. ತುದಿ ಬೆಳಕಿಗೆ ಬಂತೋ, ಗಡ್ಡೆ ಕಟ್ಟದೆ ಎಲೆ ಬಿಟ್ಟು ರೆಂಬೆಯಾಗಿಬಿಡುತ್ತದೆ. ಆದ್ದರಿಂದ ಗಿಡ ಗೇಣುದ್ದ ಬೆಳೆದಾಗ ಬುಡಕ್ಕೆ ಮಣ್ಣೇರಿಸಬೇಕು, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ. ಗ್ರೋ ಬ್ಯಾಗ್‌ನಲ್ಲಾದರೆ ಅರ್ಧಕ್ಕಷ್ಟೇ ಮಣ್ಣು ತುಂಬಿ ನೆಟ್ಟು, ಗಿಡ ಏರಿದಂತೆ ಉಳಿದರ್ಧ ತುಂಬುವುದು ಸರಿಯಾದ ಕ್ರಮ.

ಮಣ್ಣು ಸರಿದು ಬೆಳಕು ತಾಗಿದ ಗಡ್ಡೆ ಹಸಿರಾಗುತ್ತದೆ. ಅದು ಎಳೆಗಡ್ಡೆಯ ಗುರುತು, ಬೇಯಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ; ಇದು ಅಪಾಯದ ಮಾತು. ಹಸಿರು ಬಣ್ಣ ಪತ್ರಹರಿತಿನದು, ಅದರಿಂದ ತೊಂದರೆಯಿಲ್ಲ. ಆದರೆ ಅದೇ ಬೆಳಕು ಸೋಲನಿನ್ ಎಂಬ ಕಹಿ ವಿಷವನ್ನೂ ಹೆಚ್ಚಿಸುತ್ತದೆ, ಕುದಿಸಿದರೆ ಅದು ಹೋಗುವುದಿಲ್ಲ. ಅಲ್ಲಲ್ಲಿ ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕೆತ್ತಿ ತೆಗೆಯಬಹುದು. ಪೂರ್ತಿ ಹಸಿರಾದದ್ದನ್ನೂ ನಾಲಿಗೆಗೆ ಕಹಿಯೆನಿಸಿದ್ದನ್ನೂ ಎಸೆಯಬೇಕು. ಹೂವಿನ ನಂತರ ಬಿಡುವ, ಪುಟ್ಟ ಟೊಮೆಟೊದಂತೆ ಕಾಣುವ ಕಾಯಿಯೂ ವಿಷವೇ. ಮಕ್ಕಳಿರುವ ಮನೆಯಲ್ಲಿ ನಿಗಾ ಬೇಕು.

ಹೂ ಬಿಡದ ಗಿಡದಲ್ಲಿ ಗಡ್ಡೆ ಇರದು ಎಂಬ ಗಾಬರಿಗೆ ಆಧಾರವಿಲ್ಲ. ಗಡ್ಡೆ ಕಟ್ಟಲು ಬೇಕಾದದ್ದು ತಂಪು. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚೆನ್ನಾಗಿ ಕಟ್ಟುತ್ತದೆ, 30 ದಾಟಿದರೆ ಹೆಚ್ಚುಕಮ್ಮಿ ನಿಂತೇಹೋಗುತ್ತದೆ. ಹಾಸನ, ಚಿಕ್ಕಮಗಳೂರಿನ ಮುಂಗಾರಿನ ತಂಪು ಇದಕ್ಕೆ ಒಗ್ಗುತ್ತದೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ನೆಟ್ಟರೆ ಸಿಗುವುದು ಬರೀ ಸೊಪ್ಪು, ಅದೂ ತಿನ್ನಲು ಬಾರದ ಸೊಪ್ಪು.

ಅಂಗಡಿಯ ಆಲೂಗಡ್ಡೆ ಮೊಳೆಯುವುದೇ ಇಲ್ಲ ಎಂಬುದು ಅರ್ಧಸತ್ಯ. ಕಿತ್ತ ಗಡ್ಡೆ ಎರಡು ಮೂರು ತಿಂಗಳು ಸುಪ್ತಾವಸ್ಥೆಯಲ್ಲಿರುತ್ತದೆ. ಆಗ ನೆಟ್ಟರೆ ಮಣ್ಣಿನಲ್ಲೇ ಕೊಳೆಯಬಹುದು. ಕೆಲವಕ್ಕೆ ಮೊಳಕೆ ತಡೆಯುವ ರಾಸಾಯನಿಕವನ್ನೂ ಬಳಸಿರುತ್ತಾರೆ. ಮೊಳಕೆಯೊಡೆದದ್ದು ಬೆಳೆದೀತು, ಆದರೆ ನಂಜುರೋಗವನ್ನು ಹೊತ್ತು ತರುವ ಸಾಧ್ಯತೆಯುಂಟು. ಕುಫ್ರಿ ಜ್ಯೋತಿಯಂಥ ತಳಿಯ ಪ್ರಮಾಣಿತ ಬಿತ್ತನೆ ಗಡ್ಡೆ ಸಿಕ್ಕರೆ ಅದೇ ಲೇಸು. ಹಾಸನದ ರೈತರೂ ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆಯನ್ನು ನೆಚ್ಚಿದ್ದಾರೆ.

ಬೂದಿ ಎಷ್ಟು ಸುರಿದರೂ ಒಳ್ಳೆಯದು ಎಂಬ ಮಾತೂ ಸಲ್ಲದು. ಬೂದಿ ಮಣ್ಣನ್ನು ಕ್ಷಾರೀಯಗೊಳಿಸುತ್ತದೆ, ಆಲೂಗಡ್ಡೆಗೆ ಹಿಡಿಸುವುದು ತುಸು ಆಮ್ಲೀಯ ಮಣ್ಣು. ಕ್ಷಾರ ಹೆಚ್ಚಾದರೆ ಸಿಪ್ಪೆ ಹುರುಕಾಗುವ ಕಜ್ಜಿ ರೋಗ ಬರುತ್ತದೆ.

ಎಲೆ ಹಳದಿಯಾಗಿ ಬಾಡಿದ ಮೇಲೆ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಅಗೆಯಬೇಕು. ಹೆಬ್ಬೆರಳಿನಿಂದ ಉಜ್ಜಿದಾಗ ಸಿಪ್ಪೆ ಏಳದಿದ್ದರೆ ಗಡ್ಡೆ ಬಲಿತಿದೆ.