ಮಾಲೇಗಾಂವಿನಲ್ಲಿ ಹಳೆಯ ಫಿಯಾಟು ಮುಷ್ಕರ ಹೂಡಿದರೆ

ಮುಂಬಯಿಯಿಂದ ನಾಸಿಕ, ಚಾಂದವಡಗಳ ಮಾರ್ಗವಾಗಿ ಆಗ್ರಾ ಹೆದ್ದಾರಿಯಲ್ಲಿ ಸುಮಾರು ೨೮೦ ಕಿಲೋಮೀಟರು ಸಾಗಿದರೆ ಯಂತ್ರಮಗ್ಗಗಳಿಗೆ ಹೆಸರಾದ ಮಾಲೇಗಾಂವ್ ದೊರೆಯುತ್ತದೆ. ಬೇಸಗೆಯಲ್ಲಿ ಇಲ್ಲಿಯ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ವಿಶೇಷವಲ್ಲ. ಹಳೆಯ ಕಾರಿನಲ್ಲಿ ಬಂದವರು ಚಹಕ್ಕೆಂದು ಇಲ್ಲಿ ಕಾಲು ಗಂಟೆ ತಂಗಿ, ಮರಳಿ ಕೀಲಿ ತಿರುಗಿಸಿದಾಗ, ಅಲ್ಲಿಯ ತನಕ ತಕರಾರಿಲ್ಲದೆ ಓಡಿದ ಎಂಜಿನು ಗರಗರನೆ ತಿರುಗಿಯೂ ಚಾಲೂ ಆಗದೆ ಹೋಗಬಹುದು. ಹೆಂಡಿರು ಮಕ್ಕಳೊಡನೆ ನಡುದಾರಿಯಲ್ಲಿ ನಿಂತ ಗೃಹಸ್ಥನು ಗಾಬರಿಯಿಂದ ಕೀಲಿಯನ್ನು ತಿರುಗಿಸುತ್ತಲೇ ಹೋದರೆ ಬ್ಯಾಟರಿಯೂ ಬರಿದಾಗಿ, ಒಂದಿದ್ದ ತೊಂದರೆ ಎರಡಾಗುತ್ತದೆ.

ನಾವಿಲ್ಲಿ ಹೇಳುವುದು ಮುಖ್ಯವಾಗಿ ಫಿಯಾಟಿನ ವಿಚಾರ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯು ತಯಾರಿಸಿದ ಫಿಯಾಟ್ ೧೧೦೦ ಕಾರು ೧೯೭೦ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆಯಿತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು ಸಲ್ಲಿಸಿದ ಸೇವೆಯನ್ನು ಮುಂಬಯಿ ಕನ್ನಡಿಗರಿಗೆ ಹೊಸದಾಗಿ ವರ್ಣಿಸಬೇಕಾಗಿಲ್ಲ. ೨೦ ವರ್ಷಗಳ ವಯೋಮಿತಿಯ ನಿಯಮದಿಂದ ೨೦೨೩ರ ಅಕ್ಟೋಬರ್ ಕೊನೆಗೆ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯೂ ನಿವೃತ್ತವಾಯಿತು. ಅವುಗಳ ನಾಡಿ ಬಲ್ಲ ಮೇಸ್ತ್ರಿಗಳೂ ವಿರಳರಾಗುತ್ತಿದ್ದಾರೆ. ಆದಕಾರಣ ಮನೆಯಲ್ಲಿ ಅಂಥ ಕಾರನ್ನು ಉಳಿಸಿಕೊಂಡವರು ತಾವೇ ಸ್ವಲ್ಪ ಅರಿತಿರುವುದು ಅವಶ್ಯ.

ಪೆಟ್ರೋಲ್ ಎಂಜಿನಿಗೆ ಬೇಕಾದವು ಮೂರು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಅದನ್ನು ಅದುಮುವ ಒತ್ತಡ, ಸಕಾಲದಲ್ಲಿ ಹಾರುವ ಕಿಡಿ. ಚೆನ್ನಾಗಿ ಓಡುತ್ತಿದ್ದ ಎಂಜಿನಿನ ಒತ್ತಡವು ಚಹ ಕುಡಿಯುವಷ್ಟರಲ್ಲಿ ಕುಸಿಯುವುದು ಅಪರೂಪ. ಉಳಿದವು ಪೆಟ್ರೋಲು ಮತ್ತು ಕಿಡಿ. ಜಮಾಖರ್ಚು ತಾಳೆಯಾಗದಿದ್ದಾಗ ಗುಮಾಸ್ತನು ಇಡೀ ಖಾತೆಪುಸ್ತಕವನ್ನು ಹರಿದೊಗೆಯುವುದಿಲ್ಲ. ಒಂದೊಂದೇ ಬಾಬನ್ನು ಪರಿಶೀಲಿಸುತ್ತಾನೆ. ಇಲ್ಲಿಯೂ ಕ್ರಮ ಅದೇ.

ಓಡುವಾಗ ಗಾಳಿಯಿಂದಲೂ ನೀರಿನ ಸಂಚಾರದಿಂದಲೂ ತಂಪಾಗುತ್ತಿದ್ದ ಎಂಜಿನಿನ ಕಾವು, ನಿಂತೊಡನೆ ಪೆಟ್ರೋಲ್ ಪಂಪಿಗೂ ನಳಿಗೆಗೂ ಏರುತ್ತದೆ. ಒಳಗಿನ ಪೆಟ್ರೋಲು ಆವಿಯಾಗುತ್ತದೆ. ದ್ರವವನ್ನೆಳೆಯುವ ಪಂಪು ಆವಿಯ ಮುಂದೆ ಸೋಲುತ್ತದೆ. ಅದೇ ಕಾವಿಗೆ ಹಳೆಯ ಇಗ್ನಿಷನ್ ಕಾಯಿಲು ಅಥವಾ ಕಂಡೆನ್ಸರೂ ಕೈಕೊಡಬಹುದು. ತಣ್ಣಗಾದೊಡನೆ ಈ ಎರಡು ರೋಗಗಳೂ ಮಾಯವಾಗುತ್ತವೆ. ಬಿಸಿಯಿರುವಾಗಲೇ ಪರೀಕ್ಷಿಸದಿದ್ದರೆ ಮುಂದಿನ ಊರಿನಲ್ಲಿ ದೋಷವಿಲ್ಲದ ಪಂಪನ್ನು ಬದಲಿಸಿ ಹಣ ತೆತ್ತು, ಕಾಯಿಲಿನ ದೋಷವನ್ನು ಹಾಗೆಯೇ ಮನೆಗೆ ಒಯ್ಯಬೇಕಾದೀತು.

ಕಾರನ್ನು ರಸ್ತೆಯ ಅಂಚಿಗೆ ಸರಿಸಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು ಹ್ಯಾಂಡ್ ಬ್ರೇಕು ಎಳೆಯಿರಿ. ಸ್ಟಾರ್ಟರು ತಿರುಗದೆ ‘ಟಿಕ್’ ಎಂದಷ್ಟೇ ಸದ್ದು ಮಾಡಿದರೆ ಹೆಡ್‌ಲೈಟು ಹಾಕಿ ನೋಡಿರಿ. ಕೀಲಿ ತಿರುಗಿಸುವಾಗ ಬೆಳಕು ತೀರ ಮಂಕಾದರೆ ಬ್ಯಾಟರಿ ಬಲಹೀನವಾಗಿದೆ, ಇಲ್ಲವೆ ಅದರ ತಂತಿಗಳ ಹಿಡಿತ ಸಡಿಲಿದೆ.

ಸ್ಟಾರ್ಟರು ಚೆನ್ನಾಗಿ ತಿರುಗಿದರೆ ಒಂದು ಪ್ಲಗ್ಗನ್ನು ದಪ್ಪ ಬಟ್ಟೆಯಿಂದ ಹಿಡಿದು ಬಿಚ್ಚಿರಿ. ಅದರ ತುದಿಯೇ ಅರ್ಧ ಕಥೆ ಹೇಳುತ್ತದೆ. ಪೆಟ್ರೋಲಿನಿಂದ ತೊಯ್ದಿದ್ದರೆ ಇಂಧನ ಅತಿಯಾಗಿದೆ, ಅಥವಾ ಕಿಡಿಯಿಲ್ಲದೆ ಅದು ಉರಿಯದೆ ಉಳಿದಿದೆ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಬಳಿಕ ಅದನ್ನು ಒರೆಸಿ, ತಂತಿಗೆ ಜೋಡಿಸಿ, ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ ಎಂಜಿನಿನ ಲೋಹಕ್ಕೆ ತಗುಲುವಂತೆ ಇರಿಸಿ, ಕೈ ಸೋಂಕಿಸದೆ ಇನ್ನೊಬ್ಬರಿಂದ ಕೀಲಿ ತಿರುಗಿಸಬೇಕು. ಚುರುಕಾದ ನೀಲಿ ಕಿಡಿ ಹಾರಿದರೆ ವಿದ್ಯುತ್ತಿನ ಕಡೆ ಬಹುಮಟ್ಟಿಗೆ ಕ್ಷೇಮ. ಹಾರದಿದ್ದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಂಡೆನ್ಸರು, ಕಾಯಿಲುಗಳನ್ನು ಶೋಧಿಸಬೇಕು. ಪಾಯಿಂಟು ಮಸಿಗಟ್ಟಿದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿದರೆ ಸಾಕಾಗಬಹುದು. ಹಲವು ತಂತಿಗಳನ್ನು ಒಮ್ಮೆಗೇ ಕಳಚಬಾರದು. ಫಿಯಾಟಿನಲ್ಲಿ ಕಿಡಿಯ ಸರದಿ ೧-೩-೪-೨. ಅದು ತಪ್ಪಿದರೆ ಹೊಸ ತಂಟೆ ಹುಟ್ಟುತ್ತದೆ.

ಕಿಡಿಯಿದ್ದು ಪ್ಲಗ್ಗು ಒಣಗಿದ್ದರೆ ಬಾನೆಟ್ಟು ತೆರೆದಿಟ್ಟು, ಪಂಪು ಹಾಗೂ ನಳಿಗೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಕಾಯಿರಿ. ಕಿಡಿಯಿದ್ದೂ ಪ್ಲಗ್ಗು ತೊಯ್ದಿದ್ದರೆ ಚೋಕನ್ನು ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಕೆಲವು ಸೆಕೆಂಡು ಮಾತ್ರ ಸ್ಟಾರ್ಟರು ತಿರುಗಿಸಿರಿ. ಬಿಸಿ ಎಂಜಿನಿನ ಮೇಲೆ ಪೆಟ್ರೋಲ್ ನಳಿಗೆಯನ್ನು ಬಿಚ್ಚುವುದು ಬೆಂಕಿಗೆ ಆಹ್ವಾನ. ತಣಿದ ಮೇಲೂ ಪೆಟ್ರೋಲು ಬಾರದಿದ್ದರೆ ಫಿಲ್ಟರು, ಪಂಪಿನ ಡಯಾಫ್ರಾಮು, ಕಾರ್ಬ್ಯುರೇಟರಿನ ಜೆಟ್ಟುಗಳ ಸರದಿ. ಪಂಪು ಹೊಡೆಯುವ ಸೀಮೆಯೆಣ್ಣೆಯ ಸ್ಟೋವಿಗೆ ಪಿನ್ನು ಚುಚ್ಚಿದ ಹೊಟೇಲಿನ ಹಿರಿಯರಿಗೆ ಜೆಟ್ಟು ಕಟ್ಟಿಕೊಳ್ಳುವ ಪರಿ ತಿಳಿದೇ ಇದೆ. ಆದರೆ ಜೆಟ್ಟಿಗೆ ಪಿನ್ನು ಚುಚ್ಚಿದರೆ ರಂಧ್ರದ ಅಳತೆ ಕೆಡುತ್ತದೆ. ಗಾಳಿ ಊದಿಯೇ ಶುದ್ಧಗೊಳಿಸಬೇಕು.

ಇನ್ನೊಂದು ಮಾತು. ೨೦೨೫ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ ೨೦ರಷ್ಟು ಎಥನಾಲು ಬೆರೆಯತೊಡಗಿತು. ಹಳೆಯ ಕಾಲದ ರಬ್ಬರು ನಳಿಗೆ, ಡಯಾಫ್ರಾಮುಗಳಿಗೆ ಅದು ಒಗ್ಗದೆ ಬಿರುಕು, ಸೋರಿಕೆ ಉಂಟಾಗಬಹುದು. ಪ್ರವಾಸಕ್ಕೆ ಮುನ್ನ ಎಥನಾಲಿಗೆ ತಾಳುವ ಹೊಸ ನಳಿಗೆ ಹಾಕಿಸಿಕೊಳ್ಳಿ. ಪ್ಲಗ್ ಸ್ಪ್ಯಾನರು, ಎಮರಿ ಕಾಗದ, ಒಂದು ಕಂಡೆನ್ಸರು, ಹತ್ತಿಯ ಬಟ್ಟೆ, ಎರಡು ಬಾಟಲಿ ನೀರು, ಇಷ್ಟನ್ನು ಡಿಕ್ಕಿಯಲ್ಲಿ ಇರಿಸಿಕೊಂಡು ಹೊರಡಿ.