ಶನಿವಾರವಾಡೆಯ ಆರ್ತನಾದ

ಲಂಡನ್ ಕೋಟೆಯಲ್ಲಿ 1536ರಲ್ಲಿ ಶಿರಚ್ಛೇದಕ್ಕೊಳಗಾದ ರಾಣಿ ಆನ್ ಬೊಲಿನ್ ಇಂದಿಗೂ ಅಲೆಯುವಳೆಂಬ ಕಥೆಯುಂಟು. ನಮ್ಮ ಪುಣೆಯ ಶನಿವಾರವಾಡೆಯಲ್ಲಿಯೂ ಹುಣ್ಣಿಮೆಯ ರಾತ್ರಿ "ಕಾಕಾ, ಮಲಾ ವಾಚವಾ" ಎಂಬ ಕೂಗು ಕೇಳಿಬರುವುದೆಂದು ಪ್ರತೀತಿ.

1773ರ ಆಗಸ್ಟ್ 30ರಂದು ಗಾರದಿ ಸಿಪಾಯಿಗಳು ಹದಿನೆಂಟರ ಹರೆಯದ ಪೇಶ್ವೆ ನಾರಾಯಣರಾಯನನ್ನು ಇಲ್ಲಿಯೇ ಕೊಂದುದು ಇತಿಹಾಸ. 'ಹಿಡಿಯಿರಿ' ಎಂಬ ಆಜ್ಞಾಪತ್ರವನ್ನು ಚಿಕ್ಕಮ್ಮ ಆನಂದೀಬಾಯಿಯು ಒಂದಕ್ಷರ ತಿದ್ದಿ 'ಕೊಲ್ಲಿರಿ' ಎಂದು ಮಾಡಿದಳೆಂಬುದು ಜನಶ್ರುತಿ. ಬಳಿಕ ಗದ್ದುಗೆಯೇರಿದ ಚಿಕ್ಕಪ್ಪ ರಘುನಾಥರಾಯನನ್ನೇ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ಅಪರಾಧಿಯೆಂದು ಸಾರಿದರು.

ಹೋಟೆಲಿನ ಕೆಲಸ ತೀರಿಸಿ ಅಪರಾತ್ರಿಯಲ್ಲಿ ಆ ದಾರಿಯಾಗಿ ಮರಳುವ ತರುಣ ಬಂಧುಗಳಿಗೆ ನಾವು ಹೇಳಬಯಸುವುದಿಷ್ಟೆ: ಅಂಜಬೇಡಿರಿ. ಅಲ್ಲಿ ನೆನೆಯತಕ್ಕುದು ಪ್ರೇತವನ್ನಲ್ಲ. ಒಡೆಯನ ಇದಿರಿನಲ್ಲಿಯೇ ಸತ್ಯವನ್ನು ನುಡಿದ ಆ ನ್ಯಾಯಮೂರ್ತಿಯನ್ನು.