ಹೊರೆ ಇಳಿಸುವ ಬಗೆ

ಮಗಳ ಪರೀಕ್ಷಾ ಫಲಿತಾಂಶದ ಹಿಂದಿನ ರಾತ್ರಿ ನಿದ್ರೆ ಬಾರದೆ ಹೊರಳಾಡುವ ತಾಯಿಯನ್ನು ನಾವು ಬಲ್ಲೆವು. ಸಾಲದ ಕಂತಿನ ದಿನ ಸಮೀಪಿಸಿದಂತೆ ಮಕ್ಕಳ ಮೇಲೆ ಸಿಡುಕುವ ತಂದೆಯನ್ನೂ ಬಲ್ಲೆವು. ಇವರನ್ನು ಕಾಡುವುದು ಮಾನಸಿಕ ಒತ್ತಡ.

ಒತ್ತಡವು ದುರ್ಬಲರ ದೋಷವಲ್ಲ, ದೇಹದ ಸಹಜ ಪ್ರತಿಕ್ರಿಯೆ. ಅಪಾಯ ಕಂಡೊಡನೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತದಲ್ಲಿ ಹೆಚ್ಚುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. 1936ರಲ್ಲಿ ವಿಜ್ಞಾನಿ ಹಾನ್ಸ್ ಸೆಲ್ಯೆ ಇದರ ಮೂರು ಹಂತಗಳನ್ನು ಗುರುತಿಸಿದರು: ಎಚ್ಚರ, ಪ್ರತಿರೋಧ, ಬಳಲಿಕೆ. ಕ್ಷಣಕಾಲದ ಒತ್ತಡವು ನಮ್ಮನ್ನು ಕಾಯುತ್ತದೆ. ತಿಂಗಳುಗಟ್ಟಲೆ ಉಳಿದರೆ ಸವೆಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಗುಲಾಮನಾಗಿ ಬಾಳಿದ್ದ ತತ್ತ್ವಜ್ಞಾನಿ ಎಪಿಕ್ಟೆಟಸ್, ನಮ್ಮ ವಶದಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರ್ಪಡಿಸಿ ನೋಡಲು ಕಲಿಸಿದನು. ಮಗಳ ಅಂಕಗಳು ಆ ರಾತ್ರಿ ತಾಯಿಯ ವಶದಲ್ಲಿಲ್ಲ. ಫಲಿತಾಂಶ ಬಂದಾಗ ಆಡುವ ಮೊದಲ ಮಾತು ಅವಳ ವಶದಲ್ಲಿದೆ. ಪತ್ನಿಯ ಮುಂದೆ ಲೆಕ್ಕ ಬಿಚ್ಚಿಡುವುದು, ಕಂತಿನ ತೊಂದರೆಯನ್ನು ಬ್ಯಾಂಕಿಗೆ ಮುಂಚಿತವಾಗಿ ತಿಳಿಸುವುದು ತಂದೆಯ ವಶದಲ್ಲಿದೆ.

ನಿಧಾನವಾದ ಉಸಿರಾಟ, ನಿತ್ಯದ ನಡಿಗೆ, ಸಾಕಷ್ಟು ನಿದ್ರೆ ದೇಹವನ್ನು ಶಾಂತಗೊಳಿಸುತ್ತವೆ. ಮದ್ಯವು ಸಮಾಧಾನ ನೀಡಿದಂತೆ ತೋರಿ ನಿದ್ರೆಯನ್ನು ಕೆಡಿಸುತ್ತದೆ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ವೈದ್ಯರನ್ನು ಕಾಣಲು ನಾಚಬಾರದು. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇಂದು ರಾತ್ರಿ ಊಟಕ್ಕೆ ಕುಳಿತಾಗ, ಮನಸ್ಸಿಗೆ ಭಾರವಾಗಿರುವುದೇನೆಂದು ಮನೆಯವರಲ್ಲಿ ಒಬ್ಬರನ್ನಾದರೂ ಕೇಳೋಣ. ಉತ್ತರ ಮುಗಿಯುವವರೆಗೆ ಬುದ್ಧಿ ಹೇಳದೆ ಆಲಿಸೋಣ. ಅದಂತೂ ನಮ್ಮ ವಶದಲ್ಲಿದೆ.